ಹಿತ್ತಿಲೂ ಉಪ್ಪಿನ ಭರಣಿಯೂ

ನಮ್ಮ ನಾಡನ್ನಾಳಿದ ಅರಸರ ಚರಿತ್ರೆಯನ್ನು ಬರೆಯಹೊರಟವನಿಗೆ ಶಿಲಾಶಾಸನಗಳುಂಟು, ತಾಮ್ರಪಟಗಳುಂಟು, ಪರದೇಶದ ಪ್ರವಾಸಿಗಳ ಲೇಖನಗಳುಂಟು. ಆದರೆ ಆ ಅರಸರ ಪ್ರಜೆಗಳು ಆಷಾಢಮಾಸದ ಜಡಿಮಳೆಯಲ್ಲಿ, ಹೊಳೆಗಳು ತುಂಬಿ ದಾರಿಗಳು ಮುಚ್ಚಿಹೋದಾಗ, ಅನ್ನದೊಡನೆ ಏನನ್ನು ಕಲಸಿಕೊಂಡು ಉಂಡರೆಂಬುದನ್ನು ತಿಳಿಯಬಯಸುವವನಿಗೆ ಅಂತಹ ಆಧಾರಗಳು ಬಲು ವಿರಳ. ಅಟ್ಟದ ಮೇಲಣ ಭರಣಿಗೆ ಶಾಸನವನ್ನು ಕೆತ್ತಿಸಿದವರಿಲ್ಲ. ಆದರೂ ಮನುಷ್ಯನು ಮೊದಲು ಉಣ್ಣುವವನು, ಆಮೇಲೆ ಆಳುವವನು ಅಥವಾ ಆಳಿಸಿಕೊಳ್ಳುವವನು. ಆದುದರಿಂದ ಹಿತ್ತಿಲಿನ ಚರಿತ್ರೆಯು ಅರಮನೆಯ ಚರಿತ್ರೆಗಿಂತ ಕಡಮೆಯದೆಂದು ಎಣಿಸಲಾಗದು.

ಕನ್ನಡ ಕರಾವಳಿಯ ಹಿರಿಯರ ಬಾಯಲ್ಲಿ ಒಂದು ಮಾತು ಆಗಾಗ ಕೇಳಿಬರುವುದುಂಟು: ‘ಹಿಂದಿನ ಕಾಲದಲ್ಲಿ ಉಪ್ಪೊಂದನ್ನುಳಿದು ಬೇರೇನನ್ನೂ ನಾವು ಹೊರಗಿನಿಂದ ತರುತ್ತಿರಲಿಲ್ಲ.’ ಈ ಮಾತಿನಲ್ಲಿ ಅಭಿಮಾನವಿದೆ, ಸತ್ಯದ ಅಂಶವೂ ಇದೆ. ಆದರೆ ಚರಿತ್ರೆಯ ವಿದ್ಯಾರ್ಥಿಯು ಅಭಿಮಾನದ ಮಾತನ್ನು ಒಮ್ಮೆ ತೂಗಿ ನೋಡಬೇಕು. ‘ಉಪ್ಪೊಂದನ್ನುಳಿದು’ ಎಂದು ಹಗುರವಾಗಿ ಬಿಟ್ಟುಬಿಡುವ ಆ ಒಂದು ವಸ್ತುವಿನಲ್ಲಿಯೇ ನಮ್ಮ ಸ್ವಾವಲಂಬನೆಯ ಬಲವೂ ಬಲಹೀನತೆಯೂ ಅಡಗಿದ್ದುವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಪ್ರಾಚೀನ ಸಾಕ್ಷ್ಯವನ್ನು ನೋಡೋಣ. ಮೊರೊಕ್ಕೋ ದೇಶದ ಪ್ರವಾಸಿ ಇಬ್ನ್ ಬತೂತನು ಸುಮಾರು ಕ್ರಿ. ಶ. ೧೩೪೨ರಲ್ಲಿ ಪಶ್ಚಿಮ ಕರಾವಳಿಯ ಮಾರ್ಗವಾಗಿ ತೆಂಕಣಕ್ಕೆ ಸಾಗಿದನು. ಹೊನ್ನಾವರ, ಬಸರೂರು, ಬಾರಕೂರು, ಮಂಗಳೂರುಗಳನ್ನು ಆತನು ಹೆಸರಿಸಿರುವನು. ಗೋವೆಯಿಂದ ಕೊಲ್ಲಮಿನವರೆಗಿನ ಈ ತೀರದಲ್ಲಿ ದಾರಿಯುದ್ದಕ್ಕೂ ಮರಗಳ ನೆರಳಿತ್ತೆಂದೂ, ಪ್ರತಿಯೊಬ್ಬನಿಗೂ ತನ್ನದೇ ಆದ ತೋಟವಿದ್ದು, ಅದರ ನಡುವೆ ಮನೆಯೂ ಸುತ್ತಲೂ ಮರದ ಬೇಲಿಯೂ ಇದ್ದುವೆಂದೂ ಆತನು ಬರೆದಿಟ್ಟಿರುವನು. ಬಯಲುಸೀಮೆಯಂತೆ ಮನೆಗೆ ಮನೆ ತಗುಲಿಕೊಂಡ ಊರುಗಳು ಇಲ್ಲಿಲ್ಲ. ಹಿತ್ತಿಲಿನ ನಡುವೆ ಒಂಟಿಯಾಗಿ ನಿಲ್ಲುವ ಮನೆಯೇ ಇಲ್ಲಿಯ ರೂಢಿ. ಆರುನೂರೆಂಬತ್ತು ವರ್ಷಗಳ ಹಿಂದಿನ ಆ ವರ್ಣನೆಯು ಇಂದಿಗೂ ನಮ್ಮ ಹಲವು ಗ್ರಾಮಗಳಿಗೆ ಒಪ್ಪುವಂತಿದೆ.

ಇದಕ್ಕಿಂತ ಸ್ವಾರಸ್ಯಕರವಾದುದು ಹೊನ್ನಾವರದಲ್ಲಿ ಆತನು ಉಂಡ ಊಟದ ವಿವರ. ಅನ್ನಕ್ಕೆ ತುಪ್ಪವನ್ನು ಬಡಿಸಿ, ಅದರೊಡನೆ ಉಪ್ಪಿನಲ್ಲಿಟ್ಟ ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವಿನಕಾಯಿಗಳನ್ನು ಇಕ್ಕಿದರೆಂದು ಆತನು ಹೇಳುವನು. ಈ ನಾಲ್ಕೂ ಇಂದಿಗೂ ನಮ್ಮ ಎಲೆಯ ತುದಿಯಲ್ಲಿ ಬೀಳುವ ಪದಾರ್ಥಗಳೇ! ಅಲ್ಲಿ ಹೇಳಿದ ಮೆಣಸೆಂದರೆ ಬಳ್ಳಿಯ ಮೆಣಸೇ ಹೊರತು ಈಗಿನ ಮೆಣಸಿನಕಾಯಿಯಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ನಮ್ಮ ಸಾಹಿತ್ಯವೂ ಈ ವಿಷಯದಲ್ಲಿ ಮೂಕವಾಗಿಲ್ಲ. ಕ್ರಿ. ಶ. ೧೦೨೫ರ ಸುಮಾರಿನಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ನೀರನ್ನು ಕಂಡುಹಿಡಿಯುವ ಬಗೆ, ವೃಕ್ಷಾಯುರ್ವೇದ, ಸೂಪಶಾಸ್ತ್ರ ಇವು ಒಂದೇ ಗ್ರಂಥದೊಳಗೆ ಸೇರಿವೆ. ಬಾವಿ, ಗಿಡ, ಅಡುಗೆ ಇವು ಮೂರೂ ಗೃಹಸ್ಥನಿಗೆ ಒಂದೇ ವಿದ್ಯೆಯ ಮೂರು ಕವಲುಗಳೆಂಬ ಭಾವವು ಆ ಜೋಡಣೆಯಲ್ಲಿ ವ್ಯಕ್ತವಾಗಿದೆ. ಸುಮಾರು ೧೫೦೮ರಲ್ಲಿದ್ದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವು ಬದನೆ, ಹಲಸು, ಬಾಳೆ, ಕಳಲೆ ಮೊದಲಾದವುಗಳ ಪಾಕಗಳನ್ನು ಪದ್ಯರೂಪವಾಗಿ ಹೇಳುತ್ತದೆ. ಗುರುಲಿಂಗದೇಶಿಕನ ೧೫೯೪ರ ‘ಲಿಂಗಪುರಾಣ’ದಲ್ಲಿ ಐವತ್ತು ಬಗೆಯ ಉಪ್ಪಿನಕಾಯಿಗಳ ವರ್ಣನೆಯಿದೆಯೆಂದು ಆಹಾರದ ಚರಿತ್ರೆಯನ್ನು ಬರೆದ ಕೆ. ಟಿ. ಅಚಯರು ತಿಳಿಸಿರುವರು. ಹೀಗೆ ಬೆಳೆಯುವುದೂ ಕೂಡಿಡುವುದೂ ನಮ್ಮಲ್ಲಿ ಕೇವಲ ಅಜ್ಜಿಯರ ರೂಢಿಯಾಗಿರದೆ, ಕವಿಗಳ ಆದರಕ್ಕೂ ಪಾತ್ರವಾಗಿದ್ದುವು.

ಇನ್ನು ಈ ವಿದ್ಯೆಯು ಕರಾವಳಿಯಲ್ಲಿ ಇಷ್ಟೊಂದು ಬೆಳೆದುದೇಕೆಂಬುದನ್ನು ವಿಚಾರಿಸಬೇಕು. ಉತ್ತರವು ಆಕಾಶದಲ್ಲಿದೆ. ಈ ತೀರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದುಹೋಗುತ್ತದೆ. ಆ ದಿನಗಳಲ್ಲಿ ಬದನೆಯ ಹೂ ಉದುರುತ್ತದೆ, ಬಳ್ಳಿ ಕೊಳೆಯುತ್ತದೆ, ಬಿಸಿಲೇ ಇಲ್ಲದುದರಿಂದ ಯಾವುದನ್ನೂ ಒಣಗಿಸಲಾಗದು. ಹಲಸು ಮಾವುಗಳಾದರೋ ಮಳೆಗೆ ಮುಂಚಿನ ಎರಡು ಮೂರು ತಿಂಗಳಲ್ಲಿ ತಿಂದು ಮುಗಿಸಲಾಗದಷ್ಟು ಬರುತ್ತವೆ. ಒಂದು ಕಡೆ ಸಮೃದ್ಧಿ, ಅದರ ಬೆನ್ನಿಗೇ ಅಭಾವ. ಇವೆರಡರ ನಡುವಣ ಸೇತುವೆಯೇ ಭರಣಿ.

ಆ ಸೇತುವೆಯನ್ನು ಕಟ್ಟಿದ ಕ್ರಮವು ನೋಡತಕ್ಕದ್ದಾಗಿದೆ. ಸುಗ್ಗಿಯ ಬೆಳೆಯಾದ ಮೇಲೆ ಗದ್ದೆಯಲ್ಲಿ ಬೆಳೆದ ಸೌತೆಯನ್ನು ಬಾಳೆಯ ನಾರಿನಿಂದ ಬಿಗಿದು ಮಾಡಿನ ಅಡ್ಡಕ್ಕೆ ತೂಗಹಾಕುತ್ತಿದ್ದರು. ಒಂದು ಕಾಯಿಗೆ ಇನ್ನೊಂದು ತಗುಲದೆ, ಗಾಳಿಯಾಡುತ್ತ, ಅಡುಗೆಮನೆಯ ಹೊಗೆ ತಾಗುತ್ತ ಅವು ತಿಂಗಳುಗಟ್ಟಲೆ ಉಳಿಯುತ್ತಿದ್ದುವು. ಬೂದುಗುಂಬಳವು ತನ್ನ ಮೈಯ ಬೂದಿಯನ್ನೇ ಕವಚವಾಗಿ ಹೊದ್ದು ಹಾಗೆಯೇ ಇರುತ್ತಿತ್ತು. ಸುವರ್ಣಗೆಡ್ಡೆ, ಮುಂಡಿ, ಕೆಸುಗಳಿಗೆ ನೆಲವೇ ಕಣಜ. ಹಲಸಿನ ಬೀಜಗಳನ್ನು ಕೆಮ್ಮಣ್ಣಿನಲ್ಲಿ ಹೊರಳಿಸಿಡುತ್ತಿದ್ದರು; ಬೇಯಿಸಿ ಉಪ್ಪುಹಾಕಿ ಒಣಗಿಸಿದರೆ ಅದೇ ಸಾಂತಾಣಿ. ಮಾಗಿದ ಮಾವಿನ ರಸವು ಚಾಪೆಯ ಮೇಲೆ ಪದರ ಪದರವಾಗಿ ಒಣಗಿ ಮಾಂಬಳವಾಯಿತು. ಬೆಳೆದ ಹಲಸಿನ ಸೊಳೆಯು ರುಬ್ಬಿ ತಟ್ಟಿ ಹಪ್ಪಳವಾಯಿತು. ಮೆಣಸು ಮಜ್ಜಿಗೆಯಲ್ಲಿ ನೆನೆದು ಬಾಳಕವಾಯಿತು. ಮುರುಗಲ, ವಾಟೆ, ಉಪ್ಪಗೆಗಳ ಸಿಪ್ಪೆಗಳು ಒಣಗಿ ವರ್ಷದ ಹುಳಿಯಾದುವು.

ಒಣಗಿಸಲು ಬಾರದುದನ್ನು ಉಪ್ಪಿಗೆ ಒಪ್ಪಿಸುತ್ತಿದ್ದರು. ಎಳೆಯ ಮಾವಿನಕಾಯಿಯನ್ನು ತೊಟ್ಟು ಮುರಿಯದಂತೆ ಕೊಯ್ದು, ಒರಸಿ, ಭರಣಿಯಲ್ಲಿ ಉಪ್ಪಿನೊಡನೆ ಪದರವಾಗಿ ತುಂಬಿ, ಮೇಲೆ ಭಾರವಿಟ್ಟು, ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು. ಹಲಸಿನ ಸೊಳೆಯೂ ಹಾಗೆಯೇ. ಬೇಕಾದಾಗ ತೆಗೆದು, ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿ, ಪಲ್ಯವನ್ನೋ ಹುಳಿಯನ್ನೋ ಮಾಡುತ್ತಿದ್ದರು. ಉಪ್ಪು ಕಾಯಿಯ ಒಳಗಣ ನೀರನ್ನು ಹೊರಕ್ಕೆಳೆಯುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಬೇಕಾದ ತೇವವನ್ನೇ ಕಸಿದುಕೊಳ್ಳುತ್ತದೆ. ನೂರು ತೂಕದ ನೀರಿನಲ್ಲಿ ಸುಮಾರು ಮೂವತ್ತಾರು ತೂಕದ ಉಪ್ಪು ಕರಗಬಲ್ಲದು. ಆ ಮಿತಿಗೆ ಸಮೀಪಿಸಿದ ಉಪ್ಪುನೀರಿನಲ್ಲಿ ಬದುಕಬಲ್ಲ ಜೀವಿಗಳು ಬಹಳ ಕಡಮೆ. ಭರಣಿಗೆ ಒದ್ದೆ ಕೈ ಹಾಕಬಾರದೆಂದು ನಮ್ಮ ತಾಯಂದಿರು ವಿಧಿಸಿದ ಕಟ್ಟಳೆಯನ್ನು ಕೇವಲ ಮಡಿಯೆಂದು ನಕ್ಕವರುಂಟು. ಒಂದು ಹನಿ ನೀರೂ ಮೇಲ್ಪದರದ ಉಪ್ಪಿನ ಬಲವನ್ನು ತಗ್ಗಿಸಿ ಬೂಷ್ಟಿಗೆ ಎಡೆಗೊಡುವುದೆಂಬುದನ್ನು ಬಲ್ಲವರು ನಗಲಾರರು.

ಇಷ್ಟರಮಟ್ಟಿಗೆ ಹಿರಿಯರ ಅಭಿಮಾನವು ಯೋಗ್ಯವಾದುದೇ. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕಷ್ಟೆ.

ಮೊದಲನೆಯದಾಗಿ ಬೀಜದ ಮಾತು. ಪೋರ್ಚುಗೀಸರು ೧೫೧೦ರಲ್ಲಿ ಗೋವೆಯನ್ನು ಹಿಡಿದ ಮೇಲೆ ಅಮೆರಿಕಾ ಖಂಡದ ಗಿಡಗಳು ಈ ತೀರಕ್ಕೆ ಒಂದೊಂದಾಗಿ ಇಳಿದುವು. ಮೆಣಸಿನಕಾಯಿ, ಗೇರು, ಪಪ್ಪಾಯಿ, ಅನಾನಸು, ಪೇರಳೆ, ಸಿಹಿಗುಂಬಳ, ಸಿಹಿಗೆಣಸು ಇವೆಲ್ಲ ಹಾಗೆ ಬಂದ ಅತಿಥಿಗಳು. ಭಾಷೆಯು ಇದಕ್ಕೆ ಸಾಕ್ಷಿ ನುಡಿಯುತ್ತದೆ. ಹೊಸ ಕಾಯಿಗೆ ಹೊಸ ಹೆಸರನ್ನು ಕಟ್ಟದೆ, ಹಳೆಯ ಮೆಣಸಿನ ಹೆಸರನ್ನೇ ಹಿಡಿದು ಮೆಣಸಿನಕಾಯಿ ಎಂದರು. ತನ್ನ ಹೆಸರನ್ನು ಕಳೆದುಕೊಂಡ ಹಳೆಯ ಮೆಣಸಿಗೆ ಕರಿಮೆಣಸು, ಕಾಳುಮೆಣಸು, ಒಳ್ಳೆಮೆಣಸು ಎಂದು ವಿಶೇಷಣಗಳನ್ನು ತೊಡಿಸಬೇಕಾಯಿತು. ಇಂದು ಮೆಣಸಿನಕಾಯಿಯಿಲ್ಲದ ಉಪ್ಪಿನಕಾಯಿಯನ್ನು ನಾವು ಊಹಿಸಲಾರೆವು. ಹೊರಗಿನಿಂದ ಬಂದುದನ್ನು ತಿರಸ್ಕರಿಸಿದುದರಿಂದಲ್ಲ, ಅದರ ಬೀಜವನ್ನು ತಮ್ಮದಾಗಿ ಮಾಡಿಕೊಂಡುದರಿಂದಲೇ ನಮ್ಮ ಹಿತ್ತಿಲು ಬೆಳೆಯಿತೆಂದು ಇದರಿಂದ ಸಿದ್ಧವಾಗುತ್ತದೆ. ಉಡುಪಿಯ ಬಳಿಯ ಮಟ್ಟು ಗ್ರಾಮದ ಗುಳ್ಳಬದನೆಯನ್ನು ಗಮನಿಸಿರಿ. ಅದರ ಬೀಜವನ್ನು ವಾದಿರಾಜಸ್ವಾಮಿಗಳು ಕೊಟ್ಟರೆಂದು ಐತಿಹ್ಯವಿದೆ. ಐತಿಹ್ಯದ ಮಾತು ಹೇಗೇ ಇರಲಿ, ಒಂದು ಚಿಕ್ಕ ಗ್ರಾಮವು ತಲೆಮಾರುಗಳಿಂದ ಬೀಜವನ್ನು ತಾನೇ ಆರಿಸಿ, ಒಣಗಿಸಿ, ಕಾಪಾಡಿಕೊಂಡು ಬಂದುದು ಪ್ರತ್ಯಕ್ಷ ಸತ್ಯ. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆಯಿತು.

ಎರಡನೆಯದು ನೆಲದ ಮಾತು. ಹಲಸಿನ ಬೀಜವನ್ನು ಊರಿದವನು ಫಲವನ್ನು ಕಾಣಬೇಕಾದರೆ ಏಳೆಂಟು ವರ್ಷವೋ ಇನ್ನೂ ಹೆಚ್ಚೋ ಕಾಯಬೇಕು. ಮೂಲಗೇಣಿಯ ಒಕ್ಕಲಿಗೆ ಅಷ್ಟು ಕಾಯುವ ಧೈರ್ಯವಿತ್ತು. ಧಣಿಯ ಇಚ್ಛೆಯಿರುವ ತನಕ ಮಾತ್ರ ನೆಲದಲ್ಲಿರಬಹುದಾದ ಚಾಲಗೇಣಿಯವನು ಯಾವ ಧೈರ್ಯದಿಂದ ಮರವನ್ನು ನೆಡುವನು? ಇನ್ನು ಮೂಲದಾಳುಗಳಾಗಿ ಧಣಿಯ ಗದ್ದೆಯಲ್ಲಿಯೇ ಹುಟ್ಟಿ ಅಲ್ಲಿಯೇ ಮಡಿದ ಜನರಿಗೆ ಹಿತ್ತಿಲೆಂಬುದೇ ಇರಲಿಲ್ಲ. ಆಟಿಯ ತಿಂಗಳಲ್ಲಿ ತಜಂಕೆಂದು ತುಳುವರು ಕರೆಯುವ ಸೊಪ್ಪು, ಕಾಡುಕೆಸು, ಕಣಿಲೆಗಳೇ ಅವರ ಭರಣಿ. ತುರಿಸುವ ಕೆಸುವನ್ನು ಹುಳಿಯಿಂದ ಪಳಗಿಸುವುದೂ, ಕಣಿಲೆಯನ್ನು ನೀರು ಬದಲಿಸಿ ಬದಲಿಸಿ ಎರಡು ಮೂರು ದಿನ ನೆನೆಸಿ ಅದರ ವಿಷವನ್ನು ಕಳೆಯುವುದೂ ಬಡತನವು ಕಲಿಸಿದ ಶಾಸ್ತ್ರಗಳು. ಇಂದು ಆಟಿಯ ವಿಶೇಷ ಭೋಜನವೆಂದು ನಾವು ಸವಿಯುವ ಪದಾರ್ಥಗಳ ಹಿಂದೆ ಈ ಹಸಿವಿನ ಸ್ಮೃತಿಯಿದೆಯೆಂಬುದನ್ನು ಮರೆಯಲಾಗದು. ಭೂಸುಧಾರಣೆಯ ತಿದ್ದುಪಡಿಯು ೧೯೭೪ರಲ್ಲಿ ಜಾರಿಗೆ ಬಂದು ಗೇಣಿಯ ಒಕ್ಕಲುಗಳು ನೆಲದ ಒಡೆಯರಾದ ಮೇಲೆಯೇ ಅನೇಕ ಮನೆಗಳಿಗೆ ತಮ್ಮದೆಂದು ಹೇಳಿಕೊಳ್ಳುವ ಒಂದು ಹಲಸಿನ ಮರವು ಬಂದಿತು.

ಮೂರನೆಯದು ಉಪ್ಪು. ನಮ್ಮ ಊರುಗಳ ಹೆಸರುಗಳಲ್ಲಿಯೇ ಉಪ್ಪಿನ ಗುರುತಿದೆ: ಉಪ್ಪೂರು, ಉಪ್ಪುಂದ, ಉಪ್ಪಿನಕುದ್ರು, ಕಡಲಿನಿಂದ ದೂರ ಒಳನಾಡಿನಲ್ಲಿ, ನೇತ್ರಾವತಿ ಕುಮಾರಧಾರೆಗಳು ಕೂಡುವಲ್ಲಿ, ಉಪ್ಪಿನಂಗಡಿ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನಾಗರವು ಪ್ರಸಿದ್ಧವಾದುದು. ಕಡಲು ಮನೆಯ ಮುಂದೆ, ಬಿಸಿಲು ಮನೆಯ ಮೇಲೆ. ಉಪ್ಪಿಗೆ ಇನ್ನೇನು ಬೇಕು? ಆದರೆ ೧೭೯೯ರಲ್ಲಿ ಟಿಪ್ಪುವಿನ ಪತನದೊಡನೆ ಕನ್ನಡ ಜಿಲ್ಲೆಯು ಕುಂಪಣಿಯ ಕೈಸೇರಿತು. ೧೮೦೫ರಲ್ಲಿ ಮದರಾಸಿನ ಸರಕಾರವು ಉಪ್ಪನ್ನು ತನ್ನ ಏಕಸ್ವಾಮ್ಯವೆಂದು ಶಾಸನ ಮಾಡಿತು. ೧೮೬೨ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದರೂ ಅಲ್ಲಿಯೂ ಉಪ್ಪಿನ ಸುಂಕವು ತಪ್ಪಲಿಲ್ಲ. ಸರಕಾರೀ ಮಣವೊಂದಕ್ಕೆ, ಎಂದರೆ ಈಗಿನ ಸುಮಾರು ೩೭ ಕಿಲೋಗ್ರಾಮಿಗೆ, ೧೮೮೨ರಲ್ಲಿ ಎರಡು ರೂಪಾಯಿಯಿದ್ದ ಸುಂಕವು ೧೮೮೮ರಲ್ಲಿ ಎರಡೂವರೆಗೇರಿತು. ೧೯೦೩ರಿಂದ ಮೆಟ್ಟಲು ಮೆಟ್ಟಲಾಗಿ ಇಳಿದು ೧೯೦೭ರಲ್ಲಿ ಒಂದು ರೂಪಾಯಿಯಾಯಿತು; ೧೯೧೬ರಲ್ಲಿ ಒಂದೂಕಾಲು; ೧೯೨೩ರಲ್ಲಿ ಒಮ್ಮೆಲೇ ಇಮ್ಮಡಿಸಿ ಎರಡೂವರೆ; ಮರುವರ್ಷ ತಿರುಗಿ ಒಂದೂಕಾಲು.

ಊಹೆಗಾಗಿ ಒಂದು ಲೆಕ್ಕವನ್ನು ಹಾಕಿ ನೋಡೋಣ. ಹತ್ತು ಜನರ ಮನೆಯೊಂದು ಊಟಕ್ಕೂ ಭರಣಿಗಳಿಗೂ ಕೂಡಿ ವರ್ಷಕ್ಕೆ ಎರಡು ಮಣ ಉಪ್ಪನ್ನು ಬಳಸಿತೆಂದರೆ, ೧೯೨೪ರಲ್ಲಿ ಬರಿಯ ಸುಂಕವೇ ಎರಡೂವರೆ ರೂಪಾಯಿ, ಅದರ ಹಿಂದಣ ವರ್ಷ ಐದು ರೂಪಾಯಿ. ದಿನಗೂಲಿಯನ್ನು ಆಣೆಗಳಲ್ಲಿ ಎಣಿಸುತ್ತಿದ್ದ ಕಾಲದಲ್ಲಿ ಇದು ಅನೇಕ ದಿನಗಳ ಬೆವರು. ಪೇಟೆಯಿಂದ ದಿನದಿನವೂ ತರಕಾರಿಯನ್ನು ಕೊಳ್ಳಬಲ್ಲ ಶ್ರೀಮಂತನಿಗೆ ಉಪ್ಪು ರುಚಿಗೆ ಬೇಕಾದಷ್ಟೇ ಸಾಕು. ಹಿತ್ತಿಲಿನ ಮಾವು ಹಲಸುಗಳನ್ನೇ ನಂಬಿ ಮಳೆಗಾಲವನ್ನು ಕಳೆಯಬೇಕಾದ ಬಡವನಿಗೆ ಉಪ್ಪು ರುಚಿಯಲ್ಲ, ಆಧಾರ. ಸ್ವಾವಲಂಬಿಯಾಗಲೆಳಸಿದವನಿಗೇ ಹೆಚ್ಚಾಗಿ ತಾಗುವ ಸುಂಕ ಇದು! ಮರವು ತನ್ನದು, ಕಾಯಿ ತನ್ನದು, ಕೈಯ ದುಡಿಮೆ ತನ್ನದು. ಆದರೆ ಭರಣಿಯ ಬಾಯಿಯ ಬೀಗದ ಕೈ ಮಾತ್ರ ಸರಕಾರದ ಕಚೇರಿಯಲ್ಲಿ.

ಈ ಹಿನ್ನೆಲೆಯನ್ನು ತಿಳಿದಾಗ ೧೯೩೦ರ ಘಟನೆಗಳು ಬೇರೊಂದು ಬೆಳಕಿನಲ್ಲಿ ಕಾಣುತ್ತವೆ. ಆ ವರ್ಷ ಮಾರ್ಚ್ ೧೨ರಂದು ಸಾಬರಮತಿಯಿಂದ ಹೊರಟ ಗಾಂಧೀಜಿಯವರು ಏಪ್ರಿಲ್ ೬ರಂದು ದಂಡಿಯ ತೀರದಲ್ಲಿ ಉಪ್ಪನ್ನೆತ್ತಿದರು. ಒಂದು ವಾರದ ತರುವಾಯ, ಏಪ್ರಿಲ್ ೧೩ರಂದು, ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಕರ್ನಾಟಕದ ಸತ್ಯಾಗ್ರಹಿಗಳು ಉಪ್ಪಿನ ಕಾಯಿದೆಯನ್ನು ಮುರಿದರು. ಏಪ್ರಿಲ್ ತಿಂಗಳೆಂದರೆ ಕರಾವಳಿಯಲ್ಲಿ ಮಾವಿನ ಮಿಡಿಯ ಕಾಲ, ಭರಣಿಗಳನ್ನು ತೊಳೆದು ಬಿಸಿಲಿಗಿಡುವ ಕಾಲ. ಉಪ್ಪಿನ ಬೆಲೆಯು ಪ್ರತಿಯೊಂದು ಅಡುಗೆಮನೆಯಲ್ಲಿಯೂ ನೆನಪಾಗುವ ದಿನಗಳಲ್ಲಿಯೇ ಈ ಹೋರಾಟವು ನಡೆಯಿತು. ಸ್ವರಾಜ್ಯವೆಂಬ ದೊಡ್ಡ ಮಾತು ಓದುಬರಹವಿಲ್ಲದ ಗೃಹಿಣಿಗೂ ಒಂದೇ ಗಳಿಗೆಯಲ್ಲಿ ಅರ್ಥವಾದುದರಲ್ಲಿ ಆಶ್ಚರ್ಯವೇನಿದೆ? ಮರುವರ್ಷ ಮಾರ್ಚಿಯಲ್ಲಿ ಗಾಂಧಿ–ಇರ್ವಿನ್ ಒಪ್ಪಂದವಾದಾಗ, ಉಪ್ಪು ದೊರೆಯುವ ಸ್ಥಳಗಳ ನೆರೆಯ ಗ್ರಾಮದವರು ಮನೆಯ ಬಳಕೆಗಾಗಿ ಅದನ್ನು ಮಾಡಿಕೊಳ್ಳಬಹುದೆಂಬ ಮಾತು ಅದರಲ್ಲಿ ಸೇರಿತು. ಸುಂಕವು ಸಂಪೂರ್ಣವಾಗಿ ತೊಲಗಿದುದು ೧೯೪೭ರ ಏಪ್ರಿಲಿನಲ್ಲಿ, ಸ್ವಾತಂತ್ರ್ಯಕ್ಕೆ ನಾಲ್ಕೂವರೆ ತಿಂಗಳು ಮುಂಚೆ.

ನಡುವೆ ಎರಡನೆಯ ಮಹಾಯುದ್ಧವೂ ಬಂದುಹೋಯಿತು. ೧೯೪೨ರಲ್ಲಿ ಬರ್ಮವು ಜಪಾನಿನ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ೧೯೪೩ರಲ್ಲಿ ಬಂಗಾಳವು ಕ್ಷಾಮದಲ್ಲಿ ಬೆಂದಿತು. ‘ಹೆಚ್ಚು ಆಹಾರವನ್ನು ಬೆಳೆಯಿರಿ’ ಎಂಬ ಚಳುವಳಿಯನ್ನು ಸರಕಾರವು ಆರಂಭಿಸಿದುದು ಆಗಲೇ. ಹಿತ್ತಿಲನ್ನು ಬೆಳೆಯಿಸೆಂಬ ಉಪದೇಶವನ್ನು ನಮ್ಮ ಹೆಂಗಸರಿಗೆ ಯಾರೂ ಕೊಡಬೇಕಾದುದಿರಲಿಲ್ಲ. ಅವರಿಗೆ ಬೇಕಾದುದು ನೆಲ, ನೀರು, ಬಿಡುವು. ೧೯೫೦ರ ಅಕ್ಟೋಬರಿನಲ್ಲಿ ಮೈಸೂರಿನ ಚೆಲುವಾಂಬಾ ಮಹಲಿನಲ್ಲಿ ಕೇಂದ್ರ ಆಹಾರ ಸಂಶೋಧನಾಲಯವು ತೆರೆದಾಗ, ಅಜ್ಜಿಯರ ವಿದ್ಯೆಗೆ ಪ್ರಯೋಗಶಾಲೆಯ ಜೊತೆಯೊಂದು ದೊರೆಯಿತೆನ್ನಬಹುದು.

ಬಿಡುವೆಂದೆ. ಈ ಚರಿತ್ರೆಯಲ್ಲಿ ಎಲ್ಲಿಯೂ ದಾಖಲೆಯಾಗದ ನಾಲ್ಕನೆಯ ವಸ್ತು ಅದೇ. ಇಬ್ನ್ ಬತೂತನಿಗೆ ಬಡಿಸಿದವಳ ಹೆಸರು ನಮಗೆ ತಿಳಿಯದು. ಆ ಮಾವಿನಕಾಯಿಯನ್ನು ಉಪ್ಪಿನಲ್ಲಿಟ್ಟವಳ ಹೆಸರಂತೂ ಅವನಿಗೂ ತಿಳಿದಿರಲಾರದು. ಸೂಪಶಾಸ್ತ್ರವನ್ನು ಬರೆದವರು ಗಂಡಸರು. ಅಂಗಳದ ಬಿಸಿಲಿನಲ್ಲಿ ಕಾಗೆಯನ್ನು ಅಟ್ಟುತ್ತ ಸಂಡಿಗೆಯನ್ನು ಕಾದವರು ಹೆಂಗಸರು ಮಕ್ಕಳು. ಮನೆಯ ಸ್ವಾವಲಂಬನೆಯೆಂದು ನಾವು ಕೊಂಡಾಡುವುದು ಬಹುಮಟ್ಟಿಗೆ ಅವರ ಲೆಕ್ಕವಿಡದ ದುಡಿಮೆ. ಆ ದುಡಿಮೆಯಿಂದ ಬಿಡುಗಡೆ ಹೊಂದಿದ ಮೊಮ್ಮಗಳು ಅಂಗಡಿಯಿಂದ ಉಪ್ಪಿನಕಾಯಿಯ ಬಾಟಲಿಯನ್ನು ತಂದರೆ ಅವಳನ್ನು ದೂಷಿಸುವ ಅಧಿಕಾರವು ಯಾರಿಗೂ ಇಲ್ಲ.

ಹಾಗಾದರೆ ಹಿರಿಯರ ಮಾತು ಸುಳ್ಳೇ? ಸುಳ್ಳಲ್ಲ, ಅಪೂರ್ಣ. ನಮ್ಮ ಹಿತ್ತಿಲು ಎಂದೂ ಜಗತ್ತಿನಿಂದ ಬೇರ್ಪಟ್ಟ ದ್ವೀಪವಾಗಿರಲಿಲ್ಲ. ಅಮೆರಿಕೆಯ ಬೀಜ, ಕಡಲಿನ ಉಪ್ಪು, ಧಣಿಯ ನೆಲ, ಹೆಂಗಸಿನ ದುಡಿಮೆ ಇವು ನಾಲ್ಕೂ ಕೂಡಿದಾಗ ಮಾತ್ರ ಭರಣಿ ತುಂಬುತ್ತಿತ್ತು. ಇವುಗಳಲ್ಲಿ ಯಾವುದೊಂದು ಅನ್ಯರ ಹಿಡಿತಕ್ಕೆ ಸಿಕ್ಕಿದರೂ ಸ್ವಾವಲಂಬನೆಯು ಹೆಸರಿಗೆ ಮಾತ್ರ ಉಳಿಯುತ್ತಿತ್ತು. ಅದರಲ್ಲಿ ಎರಡು ಕಟ್ಟುಗಳನ್ನು ಹಿಂದಿನ ತಲೆಮಾರಿನವರು ಹೋರಾಡಿ ಬಿಚ್ಚಿದರು: ಉಪ್ಪಿನದು ೧೯೪೭ರಲ್ಲಿ, ನೆಲದ್ದು ೧೯೭೪ರಲ್ಲಿ. ದುಡಿಮೆಯ ಹಂಚಿಕೆಯು ಪ್ರತಿಯೊಂದು ಮನೆಯವರೂ ತಾವೇ ತೀರ್ಮಾನಿಸಬೇಕಾದುದು. ಉಳಿದುದು ಬೀಜ ಮತ್ತು ಅದನ್ನು ಬಳಸುವ ತಿಳಿವಳಿಕೆ. ಇವೆರಡೂ ಕಾಯಿದೆಯಿಂದ ಹೋಗುವುದಿಲ್ಲ, ಮರೆವಿನಿಂದ ಹೋಗುತ್ತವೆ.

ಮರೆವು ಅಪಾಯಕರವೂ ಹೌದು. ರಕ್ತದೊತ್ತಡದ ಭಯದಿಂದ ಭರಣಿಗೆ ಉಪ್ಪನ್ನು ಅರ್ಧ ಮಾಡುವವರು, ಆ ಉಪ್ಪು ರುಚಿಗಾಗಿ ಅಲ್ಲ, ಕಾವಲಿಗಾಗಿ ಇದ್ದಿತೆಂಬುದನ್ನು ಅರಿಯರು. ಹುಳಿಯೂ ಇಲ್ಲದ, ಉಪ್ಪೂ ಸಾಲದ ತರಕಾರಿಯನ್ನು ಗಾಳಿಯಾಡದಂತೆ ಮುಚ್ಚಿಟ್ಟರೆ ಕಣ್ಣಿಗೂ ಮೂಗಿಗೂ ತಿಳಿಯದ ವಿಷವು ಅದರಲ್ಲಿ ಹುಟ್ಟಬಹುದು. ಹಳೆಯ ಪದ್ಧತಿಯಲ್ಲಿ ಒಂದಂಶವನ್ನು ಬದಲಿಸುವವನು ಅದರ ಕಾರಣವನ್ನು ಮೊದಲು ತಿಳಿಯಬೇಕು.

ಆದುದರಿಂದ ಈ ಪತ್ರಿಕೆಯ ವಾಚಕರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ, ಈ ಮಳೆಗಾಲದ ಒಂದು ಮಧ್ಯಾಹ್ನ ಅವರ ಬಳಿ ಕುಳಿತು ಕೇಳಿರಿ. ಯಾವ ಸೌತೆಯ ಬೀಜ, ಎಷ್ಟು ಮಿಡಿಗೆ ಎಷ್ಟು ಉಪ್ಪು, ಯಾವ ಸೊಪ್ಪಿಗೆ ಯಾವ ಹುಳಿ, ಭರಣಿ ಎಲ್ಲಿಂದ ಬಂತು, ಉಪ್ಪು ಯಾರು ತಂದರು. ಎಲ್ಲವನ್ನೂ ಅವರ ಮಾತಿನಲ್ಲಿಯೇ ಬರೆದಿಡಿರಿ. ಹಿತ್ತಿಲ ಗಿಡ ಮದ್ದಲ್ಲವೆಂಬ ಗಾದೆಯು ನಮ್ಮ ಅಲಕ್ಷ್ಯವನ್ನು ಕುರಿತು ಹುಟ್ಟಿದುದು; ಆ ಗಿಡದ ಹೆಸರೇ ಮರೆತುಹೋದರೆ ಗಾದೆಯೂ ಅರ್ಥವಾಗದು. ಶಿಲಾಶಾಸನಗಳು ಇನ್ನೂ ಸಾವಿರ ವರ್ಷ ಕಾಯಬಲ್ಲವು. ಹಿರಿಯರ ನೆನಪು ಅಷ್ಟು ಕಾಯಲಾರದು.